ಯೂಟ್ಯೂಬ್ ಓಡ್ತದೆ, ಹಳೇ ಕನ್ನಡ ಪುಸ್ತಕದ ಸೈಟು ಮಾತ್ರ ವೈಫೈಯಲ್ಲಿ ತೆರೆಯೋದಿಲ್ಲ ಅಂದದ್ದಕ್ಕೆ

ಹೆಚ್ಚಾಗಿ ಇದು ನಿಮ್ಮ ಕೇಬಲ್ ನೆಟ್‌ನವರ ಡಿಎನ್ಎಸ್ (ಸೈಟಿನ ಹೆಸರಿಂದ ಅದರ ನಂಬರ್ ವಿಳಾಸ ಹುಡುಕಿ ಕೊಡುವ ವ್ಯವಸ್ಥೆ) ತೊಂದರೆ, ಬೇಕೂಂತ ತಡೆದದ್ದೂ ಇರ್ಬಹುದು, ಇಲ್ಲಿಂದ ಖಂಡಿತ ಹೇಳ್ಲಿಕ್ಕಾಗೋದಿಲ್ಲ. ಮೊದಲು ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಅದೇ ಲಿಂಕ್ ಒತ್ತಿ ನೋಡಿ, ತೆರೆದ್ರೆ ಸೈಟು ಸರಿ ಉಂಟು. ಆಮೇಲೆ ವೈಫೈಗೆ ಬಂದು ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್ಎಸ್ ಅಂತ ಇರುವಲ್ಲಿ ಗೂಗಲ್‌ನವರ ಡಿಎನ್ಎಸ್ ನಂಬರ್ 8.8.8.8 ಹಾಕಿ. ಕೇರಳದ ಕಾಸರಗೋಡು ಕಡೆಯ ಬದಿಯಡ್ಕದ ನಮ್ಮನೇಲಿ ಬರೀ ಚಕ್ರ ತಿರುಗ್ತಾ ಇದ್ದ ಪೇಜು ಇಷ್ಟು ಮಾಡಿದ ಕೂಡ್ಲೇ ಬಂತು.

ಆಗಲೂ ಬರದೆ ವಿಪಿಎನ್ (ನೆಟ್ ಕಂಪನಿಗೆ ಕಾಣದ ಹಾಗೆ ಬೇರೆ ದಾರೀಲಿ ಸೈಟಿಗೆ ಹೋಗುವ ಆ್ಯಪ್) ಹಾಕಿದಾಗ ಮಾತ್ರ ಬಂದ್ರೆ, ದಾರೀಲಿ ತಡೀತಿದ್ದಾರೆ ಅಂತ ಸಂಶಯಪಡ್ಬೇಕು. ಸರ್ಕಾರದ್ದೋ ಕೋರ್ಟಿನದ್ದೋ ಆದೇಶ ಇದ್ರೆ ಬೇರೆ ಮಾತು, ಅದಿಲ್ಲದೆ ಕಂಪನಿಯವ್ರು ತಾವಾಗಿ ಒಂದು ಸೈಟನ್ನ ತಡೆಯೋದು, ನಿಧಾನ ಮಾಡೋದು 2018ರಿಂದ ಲೈಸೆನ್ಸ್ ಷರತ್ತಿಗೇ ವಿರುದ್ಧ. ಆ ಸೈಟಿಗೆ ಬೇರೆ ಪ್ಯಾಕ್ ಹಾಕಿ ಅಂದ್ರೆ ಒಪ್ಪಲೇಬೇಡಿ, ಸೈಟಿಗೊಂದು ರೇಟು ಮಾಡೋದನ್ನ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2016ರಲ್ಲೇ ನಿಷೇಧಿಸಿದೆ.

ಸ್ಕ್ರೀನ್‌ಶಾಟ್ ತೆಗೆದಿಟ್ಟು ಕಸ್ಟಮರ್ ಕೇರಿಗೆ ದೂರು ಕೊಡಿ, ಡಾಕೆಟ್ ನಂಬರ್ (ದೂರಿನ ನಂಬರ್) ಕೇಳಿ ಬರ್ಕೊಳ್ಳಿ. ಮಲಯಾಳದಲ್ಲಿ ಮಾತಾಡ್ಲಿಕ್ಕೆ ಕಷ್ಟ ಆದ್ರೆ ಇಮೇಲೇ ಒಳ್ಳೇದು, ದಾಖಲೆಯೂ ಉಳೀತದೆ. ಪರಿಹಾರ ಆಗದಿದ್ರೆ ಅದೇ ನಂಬರ್ ಹಿಡಿದು ಕಂಪನಿಯ ಅಪೀಲು ಅಧಿಕಾರಿಗೆ, ಅಲ್ಲೂ ಆಗದಿದ್ರೆ ದೂರಸಂಪರ್ಕ ಇಲಾಖೆಗೆ ಕೇಂದ್ರ ಸರ್ಕಾರದ ದೂರು ಸೈಟಾದ ಪಿಜಿ ಪೋರ್ಟಲ್‌ನಲ್ಲಿ ಹಾಕಿ.