ಮಗಳಿಗೆ ಒಂಬತ್ತು ತುಂಬುವ ಮೊದಲು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ನಮ್ಮಲ್ಲಿ ಆಪ್ತಸಮಾಲೋಚನೆಗೆ ಬಂದ ಸಲಹಾರ್ಥಿ ಇಸ್ರೇಲಿನ ಹೈಫಾದ 38 ವರ್ಷದ ಶಿಕ್ಷಕಿ. ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ. ಮಗಳು ಶಾಲೆಯಿಂದ ಬರುವುದು ಹತ್ತು ನಿಮಿಷ ತಡವಾದರೂ ಕೈಕಾಲು ತಣ್ಣಗಾಗುತ್ತವೆ. ಬಾಗಿಲ ಹಿಂದೆ ಬಟ್ಟೆ, ಬ್ರೆಡ್ಡು, ಔಷಧಿ ತುಂಬಿದ ಚೀಲ.

ನಾಲ್ಕು ತಲೆಮಾರಿನ ವಂಶವೃಕ್ಷ ಬರೆಸಿ, ಪ್ರತಿ ಹೆಸರಿನ ಪಕ್ಕ ವಯಸ್ಸು ಹಾಕಿಸಿದಾಗ ಗಂಟು ಕಂಡಿತು. ಮಗಳಿಗೆ ಇಟ್ಟಿರುವುದು ಸಲಹಾರ್ಥಿಯ ಅಜ್ಜಿಯ ತಂಗಿಯ ಹೆಸರು. ತೀರಿಹೋದವರ ಹೆಸರಿಡುವುದು ಅಶ್ಕೆನಾಝಿ (ಮಧ್ಯ, ಪೂರ್ವ ಯುರೋಪ್ ಮೂಲದ) ಯಹೂದಿಗಳ ವಾಡಿಕೆ. 1942ರ ಸೆಪ್ಟೆಂಬರ್ 5ರಿಂದ 12ರವರೆಗೆ ನಾಜಿಗಳು ಪೋಲೆಂಡಿನ ಲೋಡ್ಜ್ ಊರಿನ ಘೆಟ್ಟೋದಿಂದ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಿಂದ, ಹತ್ತು ವರ್ಷದೊಳಗಿನ ಮಕ್ಕಳನ್ನೂ ವೃದ್ಧರನ್ನೂ ರೋಗಿಗಳನ್ನೂ ಹೆಲ್ಮ್ನೊ ಕೊಲೆಶಿಬಿರಕ್ಕೆ ಸಾಗಿಸಿದರು. 15,000ಕ್ಕೂ ಹೆಚ್ಚು ಜನ. ಆ ತಂಗಿಗೆ ಆಗ ಒಂಬತ್ತು. ಮಗಳಿಗೂ ಈಗ ಒಂಬತ್ತು ತುಂಬಲಿತ್ತು. ಬದುಕುಳಿದ ಅಜ್ಜಿ ಏನೂ ಹೇಳದೆ ತೀರಿಕೊಂಡರು. ಅವರು ಹೇಳದೆ ಬಿಟ್ಟದ್ದನ್ನು ಮೊಮ್ಮಗಳು ತನ್ನದೇ ಚಿತ್ರಗಳಿಂದ ತುಂಬಿಕೊಂಡಿದ್ದಳು.

ಇದಕ್ಕೆ ಕಾಯಿಲೆಯ ಹೆಸರು ಕೊಡಲಿಲ್ಲ. ನಾಜಿಗಳ ಯಹೂದಿ ಹತ್ಯಾಕಾಂಡದಿಂದ ಬದುಕುಳಿದವರ ಮಕ್ಕಳ ಮೇಲಿನ ಅಧ್ಯಯನಗಳನ್ನು 2003ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಚಿಕಿತ್ಸೆ ಹುಡುಕಿ ಬಂದವರಲ್ಲದ ಸಾಮಾನ್ಯ ಗುಂಪುಗಳಲ್ಲಿ ಇತರರಿಗಿಂತ ಹೆಚ್ಚಿನ ತೊಂದರೆ ಕಂಡಿರಲಿಲ್ಲ. ಆಕೆಗೆ ಬೇಕಾಗಿದ್ದುದು ಊಹೆಯನ್ನೂ ತಿಳಿದದ್ದನ್ನೂ ಬೇರ್ಪಡಿಸುವ ದಾರಿ.

ಒಂದು ಹಾಳೆಯಲ್ಲಿ ಮೂರು ಸಾಲು ಹಾಕಿಸಿದೆವು: ಅಜ್ಜಿ ಬಾಯಿಬಿಟ್ಟು ಹೇಳಿದ್ದು, ಕಾಗದದಲ್ಲಿ ಸಿಕ್ಕಿದ್ದು, ನಾನೇ ಕಲ್ಪಿಸಿಕೊಂಡದ್ದು. ಮೊದಲ ವಾರ ಮೂರನೆಯ ಸಾಲು ಮಾತ್ರ ತುಂಬಿತ್ತು.

ಕಾಗದಕ್ಕಾಗಿ ನಾಜಿ ಸಂತ್ರಸ್ತರ ಕಾಗದಗಳಿರುವ ಜರ್ಮನಿಯ ಆರೋಲ್ಸೆನ್ ದಾಖಲೆಸಂಗ್ರಹಕ್ಕೂ ಜೆರುಸಲೇಮಿನ ಹತ್ಯಾಕಾಂಡ ಸ್ಮಾರಕ ಸಂಸ್ಥೆ ಯಾದ್ ವಾಶೆಮ್‌ಗೂ ಬರೆಯಬೇಕು. ಆರೋಲ್ಸೆನ್ ಶುಲ್ಕ ಕೇಳುವುದಿಲ್ಲ. ಎಡವುವುದು ಹೆಸರಿನಲ್ಲಿ. ಆಕೆ ಹೀಬ್ರೂ ಹೆಸರನ್ನಷ್ಟೇ ಹುಡುಕಿ, ಏನೂ ಸಿಗದೆ, ‘ಇದ್ದ ಗುರುತೂ ಇಲ್ಲ’ ಎಂದು ಎರಡು ದಿನ ಹಾಸಿಗೆ ಹಿಡಿದಳು. ಇದನ್ನು ಮೊದಲೇ ಎಚ್ಚರಿಸಬೇಕಿತ್ತು. ಪೋಲಿಷ್, ಯಿದ್ದಿಶ್, ಜರ್ಮನ್ ರೂಪಗಳನ್ನೆಲ್ಲ ಹಾಕಿ ನೋಡಬೇಕು. ಊರನ್ನೂ ನಾಜಿಗಳಿಟ್ಟ ಲಿಟ್ಸ್‌ಮನ್‌ಶ್ಟಾಟ್ ಎಂಬ ಹೆಸರಲ್ಲಿ ಹುಡುಕಬೇಕು. ಆಮೇಲೆ ಘೆಟ್ಟೋ ನಿವಾಸಿಗಳ ಪಟ್ಟಿಯಲ್ಲಿ ಹುಡುಗಿಯ ಜನ್ಮದಿನ, ಬೀದಿ ಸಿಕ್ಕವು. ಇಂಥ ಕಾಗದಗಳನ್ನು ರಾತ್ರಿ ತೆರೆಯಬೇಡಿ, ಒಬ್ಬರೇ ಕೂತು ನೋಡಬೇಡಿ ಎಂದೆವು.

ಚೀಲವನ್ನು ಆಕೆ ಒಮ್ಮೆಲೇ ಖಾಲಿ ಮಾಡಿ, ಅದೇ ರಾತ್ರಿ ಮತ್ತೆ ತುಂಬಿದ್ದಳು. ವಾರಕ್ಕೆ ಒಂದೇ ವಸ್ತು ತೆಗೆಯುವುದೆಂದು ನಿಗದಿಪಡಿಸಿದೆವು.

ಸಲಹಾರ್ಥಿಯ ತಾಯಿಯನ್ನು ಸಾವಿನ ಬಗ್ಗೆ ಕೆದಕಬಾರದು. ‘ಅಮ್ಮಾ, ಅಜ್ಜಿ ಶುಕ್ರವಾರ ಸಂಜೆಗೆ ಏನು ಅಡುಗೆ ಮಾಡುತ್ತಿದ್ದರು?’ ಎಂದು ಕೇಳಿದಾಗ ತಾಯಿ ಅರ್ಧ ಗಂಟೆ ಮಾತಾಡಿದರು. ಮಗಳಿಗೆ ಹುಟ್ಟುಹಬ್ಬಕ್ಕೆ ಮುಂಚೆ ಎರಡೇ ಮಾತು: ನಿನ್ನ ಹೆಸರು ಯಾರದು, ಯುದ್ಧಕಾಲದಲ್ಲಿ ಆಕೆಯನ್ನು ಕೊಂದರು. ಮಗು ಕೇಳಿದಷ್ಟಕ್ಕೆ ಉತ್ತರ. ಶಿಬಿರದ ಚಿತ್ರ ಬೇಡ.

ಸತ್ತ ದಿನ ಗೊತ್ತಿಲ್ಲದವರಿಗಾಗಿ ಇಸ್ರೇಲಿನ ಮುಖ್ಯ ರಬ್ಬಿಗಳು ಯಹೂದಿ ಪಂಚಾಂಗದ ಟೆವೆತ್ ತಿಂಗಳ 10ನ್ನು ಕದ್ದಿಶ್ (ತೀರಿಹೋದವರಿಗಾಗಿ ಹೇಳುವ) ಪ್ರಾರ್ಥನೆಯ ದಿನವಾಗಿ ಗೊತ್ತುಮಾಡಿದ್ದಾರೆ. ಆ ದಿನ ಇಡೀ ದಿನ ಉರಿಯುವ ನೆನಪಿನ ಮೇಣದಬತ್ತಿ ಹಚ್ಚಲು ಹೇಳಿದೆವು. ಹಚ್ಚಿದವರು ತಾಯಿ.

ಎಂಟನೆಯ ಭೇಟಿಗೆ ಬಂದಾಗ ನಿದ್ದೆ ಐದು ಗಂಟೆಗೆ ಏರಿತ್ತು. ಚೀಲ ಬಾಗಿಲ ಹಿಂದೆಯೇ ಇದೆ, ಒಳಗೆ ಟಾರ್ಚು, ನೀರು. ಹೈಫಾದಲ್ಲಿ ಸೈರನ್ ಕೂಗುವ ದಿನಗಳಿವೆ. ಅಷ್ಟನ್ನು ತೆಗೆಯಲು ಹೇಳಲಿಲ್ಲ.