ಅಟ್ಟದಲ್ಲಿ ಸಿಕ್ಕ ಕಟ್ ಗ್ಲಾಸ್ ಬಾಟಲಿ ಯಾವ ದೇಶದ್ದು, ಎಷ್ಟು ಹಳೆಯದು?

ಮಂಗಳೂರಿನ ಹಂಚಿನ ಮನೆಯ ಅಟ್ಟದಲ್ಲಿ ಬಿರಡೆ ಸಮೇತ ಎರಡು ಕಟ್ ಗ್ಲಾಸ್ ಬಾಟಲಿ ಸಿಕ್ಕಿವೆ, ಒಂದರ ಕುತ್ತಿಗೆಗೆ ಬೆಳ್ಳಿ ಪಟ್ಟಿಯಿದೆ, ವ್ಯಾಪಾರಿ ‘ಬೆಲ್ಜಿಯಂ ಗ್ಲಾಸ್’ ಎನ್ನುತ್ತಾರೆ ಎಂದು ಬರೆದಿದ್ದೀರಿ. ನಮ್ಮ ಕಡೆ ಭಾರವಾಗಿ ಹೊಳೆಯುವ ಹಳೆ ಗಾಜಿಗೆಲ್ಲ ಬೆಲ್ಜಿಯಂ ಎಂದೇ ಹೆಸರು. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೊರೆದ ವಿನ್ಯಾಸವನ್ನೂ ಅಷ್ಟೇ. ಅದೇ ನಕ್ಷತ್ರ, ಅದೇ ವಜ್ರದ ಚೌಕುಳಿಯನ್ನು ಇಂಗ್ಲೆಂಡ್, ಬೊಹೀಮಿಯಾ (ಈಗಿನ ಚೆಕ್ ದೇಶದ ಭಾಗ), ಫ್ರಾನ್ಸ್‌ಗಳಲ್ಲೂ ಮಾಡಿದ್ದಾರೆ.

ಮೊದಲು ಬೆಳ್ಳಿ ನೋಡಿ. ಚಿನ್ನದ ಕೆಲಸದ ಆಚಾರ್ಯರ ಬಳಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಇರುತ್ತದೆ. ನಡೆಯುವ ಸಿಂಹದ ಮುದ್ರೆ ಇದ್ದರೆ ಇಂಗ್ಲೆಂಡಿನ 92.5 ಬೆಳ್ಳಿ. ಜೊತೆಗೆ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ, ಚಿರತೆಯ ಮುಖ ಇದ್ದರೆ ಲಂಡನ್‌ನಲ್ಲಿ ಪರೀಕ್ಷಿಸಿ ಮುದ್ರೆ ಒತ್ತಿದ್ದು. ಪಕ್ಕದ ಒಂಟಿ ಅಕ್ಷರವೇ ವರ್ಷದ ಗುರುತು. ಪ್ರತಿ ಊರಿನ ಅಕ್ಷರಮಾಲೆ ಬೇರೆ, ಹಾಗಾಗಿ ಅಕ್ಷರದ ಸುತ್ತಲಿನ ಚೌಕಟ್ಟಿನ ಆಕಾರವನ್ನೂ ಬರೆದಿಟ್ಟುಕೊಳ್ಳಿ. ರಾಜ ಅಥವಾ ರಾಣಿಯ ತಲೆ ಇದ್ದರೆ ಸಾಮಾನ್ಯವಾಗಿ 1784–1890ರ ನಡುವಿನದು. ಅರ್ಧಚಂದ್ರ, ಕಿರೀಟ, 800 ಇದ್ದರೆ ಜರ್ಮನಿಯದು, 1888ರ ನಂತರದ್ದು. ಉಜ್ಜಿ ಪಾಲಿಶ್ ಮಾಡಿಸಬೇಡಿ, ಮುದ್ರೆ ಸವೆದರೆ ಮತ್ತೆ ಬರುವುದಿಲ್ಲ. ಒಂದು ಎಚ್ಚರಿಕೆ: ಇದು ಬೆಳ್ಳಿಯ ಸಾಕ್ಷಿ ಮಾತ್ರ. ಬೇರೆ ದೇಶದ ಗಾಜಿಗೆ ಇಂಗ್ಲೆಂಡಿನಲ್ಲಿ ಪಟ್ಟಿ ಕೂರಿಸಿರಲೂಬಹುದು.

ಇನ್ನು ಗಾಜು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬೆಳ್ಳಿ ಇಲ್ಲದ ಬಾಟಲಿಯನ್ನೇ ತೂಗಿ. ಬೆಳ್ಳಿ ಗಾಜಿಗಿಂತ ಬಹಳ ಭಾರ, ಲೆಕ್ಕ ತಪ್ಪಿಸುತ್ತದೆ. ಆಮೇಲೆ ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯಲ್ಲಿಟ್ಟು ಸೊನ್ನೆ ಮಾಡಿ, ಬಾಟಲಿಯನ್ನು ನೈಲಾನ್ ದಾರದಲ್ಲಿ ಪೂರ್ತಿ ಮುಳುಗುವಂತೆ, ತಳಕ್ಕೆ ತಾಗದಂತೆ ಇಳಿಬಿಡಿ. ಈಗ ತೋರಿಸುವ ಗ್ರಾಂ ಅಂದರೆ ಗಾಜಿನ ಘನ ಸೆಂಟಿಮೀಟರ್. 620 ಗ್ರಾಂ ತೂಕಕ್ಕೆ 200 ಬಂದರೆ 620 ಭಾಗಿಸು 200, ಅಂದರೆ 3.1. ಇದೇ ಗಾಜಿನ ಸಾಂದ್ರತೆ. ಒಳಗೆ ಗಾಳಿಗುಳ್ಳೆ ಉಳಿದರೆ ಉತ್ತರ ಕಡಿಮೆ ಬರುತ್ತದೆ, ಬಾಟಲಿಯೊಳಗೂ ನೀರು ತುಂಬಿರಲಿ. 3ರ ಆಸುಪಾಸು ಬಂದರೆ ಸೀಸ (ಲೆಡ್) ಬೆರೆತ ಗಾಜು: ಇಂಗ್ಲೆಂಡ್, ಐರ್ಲೆಂಡ್, ಫ್ರಾನ್ಸ್, ಹೌದು, ಬೆಲ್ಜಿಯಂ ಕೂಡ. 2.5 ಬಂದರೆ ಹಳೆ ಬೊಹೀಮಿಯಾದ್ದೋ ಸಾಧಾರಣ ಗಾಜೋ ಇರಬೇಕು. ಇದು ಮೂಲದ ಸುಳಿವು, ವಯಸ್ಸಿನದ್ದಲ್ಲ. ಸೀಸದ ಗಾಜನ್ನು ಈಗಲೂ ಮಾಡುತ್ತಾರೆ.

ಕೊರೆದ ಅಂಚಿನ ಮೇಲೆ ಬೆರಳು ಸವರಿ. ಚೂಪಾಗಿದ್ದರೆ ಚಕ್ರದಲ್ಲಿ ಕೊರೆದದ್ದು. ಮೊಂಡಾಗಿದ್ದು, ಮೈಮೇಲೆ ಅಚ್ಚಿನ ಕೂಡುಗೆರೆ ಕಂಡರೆ ಅಚ್ಚೊತ್ತಿದ ಗಾಜು.

ಬುಡದಲ್ಲಿ ನೆಲಕ್ಕೆ ತಾಗುವ ಅಂಚು ಮಾತ್ರ ಸವೆದಿರಬೇಕು, ಗೀರುಗಳು ದಿಕ್ಕಾಪಾಲಾಗಿರಬೇಕು. ಎಲ್ಲ ಗೀರೂ ಒಂದೇ ದಿಕ್ಕಿಗಿದ್ದರೆ ಉಪ್ಪುಕಾಗದ ಹಾಕಿ ಹಳೆಯದಾಗಿಸಿದ್ದಾರೆಂಬ ಅನುಮಾನ ಇಟ್ಟುಕೊಳ್ಳಿ. ಫ್ರಾನ್ಸಿನ ಗಾಜಿನ ಕಂಪನಿ ‘ಬಕರಾ’ದ ಹೆಸರನ್ನು ಆಸಿಡ್‌ನಿಂದ ಬರೆದಿದ್ದರೆ ಅದು ಸಾಮಾನ್ಯವಾಗಿ 1936ರಿಂದ ಈಚಿನದು. ಅದಕ್ಕೂ ಮೊದಲು ಹೆಚ್ಚಾಗಿ ಕಾಗದದ ಚೀಟಿ ಅಂಟಿಸುತ್ತಿದ್ದರು. ಹಾಗಾಗಿ ಗುರುತು ಇಲ್ಲವೆಂದು ಬಾಟಲಿಯನ್ನು ತಳ್ಳಿಹಾಕಬೇಡಿ. ‘ಚೆಕೊಸ್ಲೊವಾಕಿಯಾ’ ಎಂದಿದ್ದರೆ 1918ಕ್ಕಿಂತ ಹಳೆಯದಲ್ಲ.

ಬಿರಡೆಯ ಕಡ್ಡಿಯ ಮೇಲೂ ಬಾಟಲಿಯ ಬಾಯಿಯ ಬಳಿಯೂ ಒಂದೇ ಅಂಕೆ ಗೀರಿದ್ದರೆ ಅದು ಮೂಲ ಜೋಡಿ. ಬಿರಡೆ ಅಂಟಿಕೊಂಡಿದ್ದರೆ ಬಿಸಿನೀರಿಗೆ ಹಾಕಬೇಡಿ, ದಪ್ಪ ಗಾಜು ಒಡೆಯುತ್ತದೆ. ಸಂದಿಗೆ ಎರಡು ಹನಿ ತೆಂಗಿನೆಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಮರದ ಚಮಚದಿಂದ ಮೆಲ್ಲಗೆ ಎರಡೂ ಬದಿ ತಟ್ಟಿ.

ಮುದ್ರೆಗಳದ್ದೂ ಬುಡದ್ದೂ ಹತ್ತಿರದ ಫೋಟೊ ಹಾಕಿ, ವರ್ಷದ ಅಕ್ಷರ ಓದಿ ಹೇಳುತ್ತೇನೆ.