ಆ ಜಾಗದ ಗುಳ್ಳೆಗೆ ಕೈಗೆ ಸಿಕ್ಕಿದ್ದೆಲ್ಲಾ ಹಚ್ಚಬೇಡಿ

ಪ್ರಶ್ನೆ: ಡಾಕ್ಟರೇ, ನನಗೆ 23 ವರ್ಷ. ಶಿಶ್ನದ ತಲೆಯ ಅಂಚಿಗೆ ಸುತ್ತಲೂ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದಿವೆ. ನೋವಿಲ್ಲ, ತುರಿಕೆಯೂ ಇಲ್ಲ, ಕೆಲವು ವರ್ಷಗಳಿಂದ ಹಾಗೇ ಇವೆ. ನಾನು ಇದುವರೆಗೂ ಯಾರ ಜೊತೆಗೂ ಸೇರಿದವನಲ್ಲ. ಆದರೂ ಲೈಂಗಿಕ ರೋಗ ಇರಬಹುದಾ ಅಂತ ಭಯ. ಯಾವುದೋ ವಿಡಿಯೋ ನೋಡಿ, ಕಾಲಿನ ನರುಲಿಗೆ ಹಚ್ಚುವ ಔಷಧಿ ತಂದು ಹಚ್ಚಿದೆ. ಈಗ ಚರ್ಮ ಸುಟ್ಟ ಹಾಗೆ ಕೆಂಪಾಗಿ ಉರೀತಾ ಇದೆ. ಮುಂದಿನ ವರ್ಷ ಮದುವೆ. ಏನು ಮಾಡಲಿ?

ಉತ್ತರ: ಮೊದಲು ಆ ಔಷಧಿ ನಿಲ್ಲಿಸಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಸ್ಯಾಲಿಸಿಲಿಕ್ ಆ್ಯಸಿಡ್. ಅಂಗಾಲಿನ ದಪ್ಪ ಚರ್ಮವನ್ನು ಪದರ ಪದರವಾಗಿ ಸವೆಸುವುದಕ್ಕೆ ಅಂತಲೇ ಮಾಡಿರುವ ಔಷಧಿ ಅದು. ನೀವು ಹಚ್ಚಿರುವ ಜಾಗದ ಚರ್ಮ ಎಷ್ಟು ತೆಳು ಅಂತ ನಿಮಗೇ ಗೊತ್ತು. ಇಂಥ ಔಷಧಿಯ ಜೊತೆ ಬರುವ ಚೀಟಿಯಲ್ಲೇ ಗುಪ್ತಾಂಗಕ್ಕೆ ಹಚ್ಚಬಾರದು ಅಂತ ಬರೆದಿರುತ್ತಾರೆ, ಆದರೆ ಗಾಬರಿಯಲ್ಲಿ ಅದನ್ನು ಯಾರು ಓದ್ತಾರೆ ಅಲ್ವಾ? ಬರೀ ತಣ್ಣೀರಲ್ಲಿ ಮೆಲ್ಲಗೆ ತೊಳೆಯಿರಿ, ಸೋಪು ಬೇಡ, ಒರೆಸುವಾಗ ಉಜ್ಜಬೇಡಿ, ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಚರ್ಮ ಕಿತ್ತು ಬಂದಿದ್ದರೆ, ಕೀವು ಕಂಡರೆ, ಊತ ಜಾಸ್ತಿಯಾದರೆ, ಮೂತ್ರ ಹೋಗುವುದು ಕಷ್ಟವಾದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಹಿಂದೆ ಸರಿಸಿದ ಮುಂದೊಗಲು ಊದಿಕೊಂಡು ಮತ್ತೆ ಮುಂದಕ್ಕೆ ಬರುತ್ತಿಲ್ಲ ಅಂದರೆ ಬೆಳಗಾಗಲಿ ಅಂತಲೂ ಕಾಯಬೇಡಿ, ಅದು ತುರ್ತು.

ಇನ್ನು ಗುಳ್ಳೆಯ ವಿಷಯ. ನೋಡದೆ ಖಚಿತವಾಗಿ ಹೇಳುವ ಹಾಗಿಲ್ಲ, ಆದರೆ ನಿಮ್ಮ ವರ್ಣನೆ ಪರ್ಲಿ ಪೆನೈಲ್ ಪ್ಯಾಪ್ಯೂಲ್ಸ್ ಅನ್ನುವುದಕ್ಕೆ ಸರಿಯಾಗಿ ಹೊಂದುತ್ತದೆ. ಒಂದೋ ಎರಡೋ ಸಾಲು, ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರ, ಒಂದೆರಡು ಮಿಲಿಮೀಟರ್, ಬಣ್ಣ ಚರ್ಮದ್ದೇ ಅಥವಾ ಸ್ವಲ್ಪ ಬಿಳುಪು. ಹರೆಯದಲ್ಲಿ ಕಾಣಿಸಿಕೊಂಡು ವರ್ಷಗಟ್ಟಲೆ ಹಾಗೇ ಇರುತ್ತವೆ, ವಯಸ್ಸಾದ ಹಾಗೆ ಮಾಸುತ್ತವೆ. ಇದು ರೋಗವೇ ಅಲ್ಲ. ಕೊಳೆಯಿಂದ ಬಂದದ್ದಲ್ಲ, ಹಸ್ತಮೈಥುನದಿಂದಲೂ ಅಲ್ಲ, ಹೆಂಡತಿಗೆ ಅಂಟುವುದಿಲ್ಲ, ಕ್ಯಾನ್ಸರ್ ಆಗುವುದಿಲ್ಲ. ಎಷ್ಟೋ ಹುಡುಗರು ಇದನ್ನು ಯಾರಿಗೂ ಹೇಳದೆ ಒಳಗೊಳಗೇ ಕೊರಗುತ್ತಾರೆ, ಅದು ನನಗೆ ತುಂಬಾ ಬೇಜಾರಿನ ವಿಷಯ.

ಲೈಂಗಿಕ ಸಂಪರ್ಕದಿಂದ ಬರುವ ನರುಲಿ ಬೇರೆ ಥರ. ಹೆಚ್ಚಿನವು ಎಚ್‌ಪಿವಿ ವೈರಸ್ಸಿನ 6 ಮತ್ತು 11ನೇ ಬಗೆಯಿಂದ ಬರುತ್ತವೆ. ಅವು ಸಾಲು ಹಿಡಿದು ಕೂರುವುದಿಲ್ಲ. ಅಲ್ಲೊಂದು ಇಲ್ಲೊಂದು ಎದ್ದು, ಹೂಕೋಸಿನ ಹಾಗೆ ಒರಟಾಗಿ ಬೆಳೆಯುತ್ತವೆ, ಸಂಖ್ಯೆಯೂ ಏರುತ್ತದೆ. ಮಧ್ಯದಲ್ಲಿ ಚಿಕ್ಕ ಕುಳಿ ಇರುವ ನುಣುಪು ಗುಳ್ಳೆಯಾದರೆ ಮೊಲಸ್ಕಮ್ ಇರಬಹುದು, ಅದೂ ಅಂಟುವಂಥದ್ದೇ. ಗುಂಪಾಗಿ ಏಳುವ ನೋವಿನ ನೀರುಗುಳ್ಳೆ ಹರ್ಪಿಸ್ ಇರಬಹುದು. ನೋವೇ ಇಲ್ಲದ ಹುಣ್ಣನ್ನು ಮಾತ್ರ ಸುಮ್ನೆ ಬಿಡಬೇಡಿ, ಸಿಫಿಲಿಸ್ ಹಾಗೇ ಶುರುವಾಗುತ್ತದೆ, ಹುಣ್ಣು ತಾನಾಗಿ ಮಾಯ್ದರೂ ರೋಗ ಒಳಗೆ ಉಳಿದಿರುತ್ತದೆ.

ಮದುವೆಗೆ ಮುಂಚೆ ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ. ಡರ್ಮೋಸ್ಕೋಪ್ ಅನ್ನುವ ಭೂತಗನ್ನಡಿ ಹಿಡಿದು ನೋಡಿದರೆ ಸಾಮಾನ್ಯವಾಗಿ ಅಲ್ಲೇ ಗೊತ್ತಾಗುತ್ತದೆ, ಕತ್ತರಿಸಿ ಪರೀಕ್ಷೆಗೆ ಕಳಿಸುವ ಅಗತ್ಯ ಬೀಳುವುದು ಅಪರೂಪ. ಇವಕ್ಕೆ ಚಿಕಿತ್ಸೆ ಬೇಕಿಲ್ಲ. ಎಷ್ಟು ಹೇಳಿದರೂ ಮನಸ್ಸು ಒಪ್ಪುತ್ತಿಲ್ಲ ಅಂದರೆ, ಮರಗಟ್ಟಿಸಿ ಕಾರ್ಬನ್ ಡೈಆಕ್ಸೈಡ್ ಲೇಸರಿನಲ್ಲಿ ತೆಗೆಯಬಹುದು. ಅದರಿಂದಲೂ ಕಲೆ ಉಳಿಯಬಹುದು, ಬಣ್ಣ ಬದಲಾಗಬಹುದು, ಗುಳ್ಳೆ ಮತ್ತೆ ಬರಲೂಬಹುದು, ಅದನ್ನೆಲ್ಲ ಕೇಳಿ ತಿಳಿದುಕೊಂಡೇ ಒಪ್ಪಿಕೊಳ್ಳಿ. ಮುಲಾಮು ಹಚ್ಚಿ ಉದುರಿಸ್ತೀವಿ ಅನ್ನುವವರನ್ನು ನಂಬಬೇಡಿ. ದಾರ ಕಟ್ಟುವುದು, ಬ್ಲೇಡಿನಿಂದ ಕೆರೆಯುವುದು, ಬೆಳ್ಳುಳ್ಳಿ ಅರೆದು ಹಚ್ಚುವುದು, ಟೂತ್‌ಪೇಸ್ಟ್ ಬಳಿಯುವುದು, ಇವು ಯಾವುವೂ ಬೇಡ.

ಪ್ರಶ್ನೆ: ಮೇಡಂ, ನನಗೆ 31. ಯೋನಿಯ ಒಳತುಟಿಯ ಮೇಲೆ ರವೆಯಷ್ಟು ಚಿಕ್ಕ ಹಳದಿ ಕಾಳುಗಳಿವೆ. ಹಿಚುಕಿದರೆ ಸ್ವಲ್ಪ ಬಿಳಿ ಬರುತ್ತದೆ. ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟರು. ಎರಡು ತಿಂಗಳಿಂದ ಹಚ್ಚುತ್ತಿದ್ದೇನೆ. ಕಾಳು ಹಾಗೇ ಇವೆ, ಈಗ ಉರಿಯೂ ಶುರುವಾಗಿದೆ.

ಉತ್ತರ: ಕಾಳುಗಳು ಬಹುಶಃ ಫೋರ್ಡೈಸ್ ಚುಕ್ಕೆಗಳು. ಚರ್ಮಕ್ಕೆ ಎಣ್ಣೆ ಒದಗಿಸುವ ಗ್ರಂಥಿಗಳು ಸಾಮಾನ್ಯವಾಗಿ ಕೂದಲಿನ ಬುಡದಲ್ಲಿರುತ್ತವೆ, ಇಲ್ಲಿ ಕೂದಲಿಲ್ಲದೆ ನೇರ ಮೇಲಕ್ಕೆ ಬಂದಿವೆ, ಅಷ್ಟೇ. ಜಾನ್ ಅಡಿಸನ್ ಫೋರ್ಡೈಸ್ ಅನ್ನುವ ಅಮೆರಿಕದ ಚರ್ಮವೈದ್ಯರು 1896ರಲ್ಲೇ ಇವನ್ನು ವರ್ಣಿಸಿದ್ದರು. ಬಾಯಿಯ ತುಟಿಯಲ್ಲೂ ಇಂಥವೇ ಇರುತ್ತವೆ, ಕನ್ನಡಿಯಲ್ಲಿ ತುಟಿ ಎಳೆದು ನೋಡಿದರೆ ಎಷ್ಟೋ ಜನರಿಗೆ ಕಾಣುತ್ತದೆ. ಹಿಚುಕಬೇಡಿ, ಹಿಚುಕಿದರೆ ಸೋಂಕಾಗಿ ಗಾಯವಾಗಬಹುದು.

ನನಗೆ ಚಿಂತೆ ಇರುವುದು ಆ ಟ್ಯೂಬಿನದು. ಇಂಥ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಹಚ್ಚಿದ ಕೆಲವು ದಿನ ಹಾಯಾಗಿರುತ್ತದೆ, ಆಮೇಲೆ ಚರ್ಮ ತೆಳುವಾಗಿ ಮುಟ್ಟಿದರೆ ಉರಿಯುತ್ತದೆ, ಫಂಗಸ್ ಇದ್ದರೆ ಮರೆಯಲ್ಲೇ ಹರಡುತ್ತದೆ. ಹಚ್ಚುವುದನ್ನು ನಿಲ್ಲಿಸಿ ಇದೇ ವಾರ ಸ್ತ್ರೀರೋಗ ಅಥವಾ ಚರ್ಮದ ಡಾಕ್ಟರನ್ನು ನೋಡಿ. ಟ್ಯೂಬನ್ನೂ ತೆಗೆದುಕೊಂಡು ಹೋಗಿ, ಹೆಸರು ನೆನಪಿಟ್ಟುಕೊಂಡು ಹೇಳುವುದಕ್ಕಿಂತ ಅದು ಒಳ್ಳೆಯದು. ಶೇವ್ ಮಾಡಿದ ಮೇಲೆ ಕೂದಲ ಬುಡದಲ್ಲಿ ಕೆಂಪು ಗುಳ್ಳೆ ಏಳುತ್ತಿದ್ದರೆ ಅದು ಬೇರೆ ಸಮಸ್ಯೆ. ರೇಜರ್ ಬಿಟ್ಟು ಕತ್ತರಿಯಲ್ಲಿ ಚಿಕ್ಕದು ಮಾಡಿದರೆ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ.

ಪ್ರಶ್ನೆ: ನನಗೆ 58 ವರ್ಷ. ವೃಷಣದ ಚೀಲದ ಮೇಲೆ ಕಡುಗೆಂಪು ಚುಕ್ಕೆಗಳಿವೆ. ಮೊನ್ನೆ ತುರಿಸಿಕೊಂಡಾಗ ಒಂದರಿಂದ ರಕ್ತ ಬಂತು. ಕ್ಯಾನ್ಸರಾ?

ಉತ್ತರ: ಈ ವಯಸ್ಸಿನಲ್ಲಿ ಅಲ್ಲಿ ಹೀಗೆ ಕಾಣುವುದು ಹೆಚ್ಚಾಗಿ ಆಂಜಿಯೋಕೆರಟೋಮ. ಚರ್ಮದ ಮೇಲ್ಪದರದ ಪುಟ್ಟ ರಕ್ತನಾಳಗಳು ಹಿಗ್ಗಿ ಹಾಗಾಗುತ್ತದೆ, ಕ್ಯಾನ್ಸರ್ ಅಲ್ಲ. ರಕ್ತ ಬಂದಾಗ ಶುಭ್ರ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಪದೇ ಪದೇ ರಕ್ತ ಬಂದರೆ ಲೇಸರಿನಲ್ಲೋ ವಿದ್ಯುತ್ತಿನಿಂದ ಸುಟ್ಟೋ ತೆಗೆಯುತ್ತಾರೆ. ಹಾಗಿದ್ದರೂ ಒಮ್ಮೆ ತೋರಿಸಿ. ಒಂದೇ ಕಪ್ಪು ಚುಕ್ಕೆ ಬೆಳೆಯುತ್ತಿದ್ದರೆ, ಬಣ್ಣ ಬದಲಾಗುತ್ತಿದ್ದರೆ, ಹುಣ್ಣಾಗಿ ಮಾಯದಿದ್ದರೆ ತಡ ಮಾಡಬೇಡಿ. ಹೃದಯಕ್ಕೆ ಅಂತ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ರಕ್ತ ಬಂತು ಅಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.